ಸ್ಮಿತ್ ಸಂಖ್ಯೆಗಳ ಪಟ್ಟಿಯಲ್ಲಿ 4, 27 ಬಿಟ್ಟುಹೋಗಿ 84 ಸೇರಿಕೊಂಡಿದೆ – ಎಲ್ಲಿ ತಪ್ಪು?

ಮಗ್ಗಿಪುಸ್ತಕ, ಶಿರಸಿ:

ಡಿಸೆಂಬರ್ 22ರ ಗಣಿತ ದಿನಕ್ಕೆ ಎಂಟು, ಒಂಬತ್ತನೇ ತರಗತಿಯ ಮಕ್ಕಳಿಂದ ಸ್ಮಿತ್ ಸಂಖ್ಯೆಗಳ ಚಾರ್ಟು ಮಾಡಿಸುವುದಿದೆ. ಗೊತ್ತಿಲ್ಲದವರಿಗಾಗಿ ವ್ಯಾಖ್ಯೆ: ಒಂದು ಸಂಯುಕ್ತ ಸಂಖ್ಯೆಯ ಅಂಕಿಗಳ ಮೊತ್ತವೂ, ಅದರ ಅವಿಭಾಜ್ಯ ಅಪವರ್ತನಗಳ ಅಂಕಿಗಳನ್ನೆಲ್ಲ ಕೂಡಿದ ಮೊತ್ತವೂ ಒಂದೇ ಆದರೆ ಅದು ಸ್ಮಿತ್ ಸಂಖ್ಯೆ. 22 = 2 × 11. ಇತ್ತ 2+2 = 4, ಅತ್ತ 2+1+1 = 4. ಗಣಿತ ದಿನದ ತಾರೀಖೇ ಸ್ಮಿತ್ ಸಂಖ್ಯೆ ಎಂಬುದರಿಂದ ಈ ವಿಷಯ ಆರಿಸಿಕೊಂಡದ್ದು.

ಎಕ್ಸೆಲ್‌ನಲ್ಲಿ 1000ದವರೆಗೆ ಪಟ್ಟಿ ಮಾಡಿದೆ. ಎಡಗಡೆ 2ರಿಂದ 1000ದ ತನಕ ಸಂಖ್ಯೆಗಳು. ಮೇಲಿನ ಸಾಲಿನಲ್ಲಿ 500ರೊಳಗಿನ 95 ಅವಿಭಾಜ್ಯಗಳು (1000ದೊಳಗಿನ ಸಂಯುಕ್ತ ಸಂಖ್ಯೆಗೆ 500ಕ್ಕಿಂತ ದೊಡ್ಡ ಅವಿಭಾಜ್ಯ ಅಪವರ್ತನ ಇರಲಾರದು). ಪ್ರತಿ ಮನೆಯಲ್ಲಿ ಮಾಡ್ ಫಾರ್ಮುಲಾ ಹಾಕಿ, ಶೇಷ ಸೊನ್ನೆಯಾದರೆ ಆ ಅವಿಭಾಜ್ಯದ ಅಂಕಮೊತ್ತ ಬರಬೇಕು, ಇಲ್ಲದಿದ್ದರೆ 0. ಸಾಲಿನ ಕೊನೆಯಲ್ಲಿ ಎಲ್ಲ ಕೂಡಿ ಸಂಖ್ಯೆಯ ಅಂಕಮೊತ್ತದ ಜೊತೆ ಹೋಲಿಸಿದೆ. ಅವಿಭಾಜ್ಯಗಳ ಸಾಲುಗಳನ್ನು ತೆಗೆದುಹಾಕಿದ್ದೇನೆ.

200ರೊಳಗೆ ನನಗೆ ಬಂದದ್ದು: 22, 58, 84, 85, 94, 136, 160, 166.
ಇರಬೇಕಾದ್ದು: 4, 22, 27, 58, 85, 94, 121, 166.

ಕೆಲವು ಸರಿ, ಕೆಲವು ತಪ್ಪು. ಪೂರ್ತಿ ತಪ್ಪಾಗಿದ್ದರೆ ಹುಡುಕುವುದು ಸುಲಭವಿತ್ತು.

ಇನ್ನೂ ಮೂರು ಕೇಳುವುದಿದೆ. ಲ್ಯಾಬಿನಲ್ಲಿರುವುದು ನಾಲ್ಕೇ ಕಂಪ್ಯೂಟರ್, ಉಳಿದ ಮಕ್ಕಳು ಕಾಗದದ ಮೇಲೆ ಹುಡುಕಬೇಕು. ಅವರಿಗೆ ಕೆಲಸ ಕಡಿಮೆ ಮಾಡುವ ಉಪಾಯ ಏನಾದರೂ ಇದೆಯೇ? ಹುಡುಕದೆ ನೇರವಾಗಿ ದೊಡ್ಡ ಸ್ಮಿತ್ ಸಂಖ್ಯೆ ಕಟ್ಟಲು ಬರುತ್ತದೆಯೇ? ಕೊನೆಯದು ಮಕ್ಕಳ ಪ್ರಶ್ನೆ: ಶಿರಸಿಯ ಪಿನ್ ಕೋಡ್ 581401 ಸ್ಮಿತ್ ಸಂಖ್ಯೆಯೇ?


ಅಘನಾಶಿನಿ, ಕುಮಟಾ:

ನಿಮ್ಮ ಶೀಟು ಲೆಕ್ಕ ಸರಿಯಾಗಿಯೇ ಮಾಡುತ್ತಿದೆ, ಬೇರೆ ಲೆಕ್ಕ ಮಾಡುತ್ತಿದೆ ಅಷ್ಟೆ. "ಭಾಗ ಹೋಗುತ್ತದೆಯೇ" ಎಂದು ಕೇಳಿದರೆ ಒಂದು ಅವಿಭಾಜ್ಯ ಒಂದೇ ಸಲ ಲೆಕ್ಕಕ್ಕೆ ಬರುತ್ತದೆ. ಸ್ಮಿತ್ ಸಂಖ್ಯೆಯಲ್ಲಿ ಅದು ಎಷ್ಟು ಸಲ ಬರುತ್ತದೋ ಅಷ್ಟು ಸಲ ಕೂಡಬೇಕು. 27 = 3×3×3, ಮೊತ್ತ 3+3+3 = 9. ನಿಮ್ಮ ಶೀಟು 3 ಎಂದು ನಿಲ್ಲಿಸುತ್ತದೆ. 84 = 2×2×3×7. ಸರಿಯಾದ ಮೊತ್ತ 14, ನಿಮ್ಮಲ್ಲಿ 2+3+7 = 12, ಅದು 8+4ಕ್ಕೆ ತಾಳೆಯಾಗಿ ಒಳಗೆ ಬಂತು. 22, 58, 85, 94, 166ರಲ್ಲಿ ಯಾವ ಅಪವರ್ತನವೂ ಮರುಕಳಿಸುವುದಿಲ್ಲ, ಹಾಗಾಗಿ ಎರಡೂ ಪಟ್ಟಿಯಲ್ಲಿ ಅವು ಇವೆ. ನಿಮಗೆ ಬಂದ ಪಟ್ಟಿಗೂ ಹೆಸರಿದೆ, ಹೋಕ್ಸ್ ಸಂಖ್ಯೆಗಳು ಅಂತ. ಸಂಖ್ಯಾಶ್ರೇಣಿಗಳ ಆನ್‌ಲೈನ್ ವಿಶ್ವಕೋಶವಾದ ಓಇಐಎಸ್‌ನಲ್ಲಿ ಅದು ಎ019506, ಸ್ಮಿತ್ ಎ006753.

ಶೀಟನ್ನು ಬಿಸಾಡಬೇಕಿಲ್ಲ. ಅವಿಭಾಜ್ಯಗಳ ಪಕ್ಕದಲ್ಲಿ ಅವುಗಳ ಘಾತಗಳಿಗೂ ಕಾಲಂ ಹಾಕಿ. 4ರಿಂದ ಭಾಗ ಹೋದರೆ ಇನ್ನೊಂದು 2, 8ರಿಂದ ಹೋದರೆ ಮತ್ತೊಂದು 2; 9ಕ್ಕೆ 3, 27ಕ್ಕೆ 3; 121ಕ್ಕೆ 1+1 = 2. ಕಾಲಂನ ತಲೆಯಲ್ಲಿ ಘಾತ, ಅದರ ಕೆಳಗಿನ ಸಾಲಿನಲ್ಲಿ ಕೂಡಬೇಕಾದ ಬೆಲೆ ಬರೆದಿಟ್ಟರೆ ಫಾರ್ಮುಲಾ ಬದಲಿಸುವುದೂ ಬೇಡ. 1000ದೊಳಗೆ ಇಂಥವು 25: 2ರ ಘಾತ ಎಂಟು (4ರಿಂದ 512), 3ರದ್ದು ಐದು (9ರಿಂದ 729), 5ರದ್ದು ಮೂರು, 7ರದ್ದು ಎರಡು, ಆಮೇಲೆ 11, 13, 17, 19, 23, 29, 31ರ ವರ್ಗ ಒಂದೊಂದು. ಒಟ್ಟು 120 ಕಾಲಂ. ಜಾಗ್ರತೆ: 4ರ ಕಾಲಂನಲ್ಲಿ 4ರ ಅಂಕಮೊತ್ತವನ್ನೇ ಕೂಡಿಬಿಡುವುದು ಎಲ್ಲರೂ ಮಾಡುವ ತಪ್ಪು. ಅಲ್ಲಿ ಬರಬೇಕಾದ್ದು 2 ಮಾತ್ರ.

ಸರಿಯಾದರೆ 1000ದೊಳಗೆ 49 ಬರಬೇಕು. 10ರೊಳಗೆ 1, 100ರೊಳಗೆ 6, 10,000ದೊಳಗೆ 376, ಒಂದು ಲಕ್ಷದೊಳಗೆ 3294, ಹತ್ತು ಲಕ್ಷದೊಳಗೆ 29,928. ಈ ಎಣಿಕೆಗಳನ್ನು ಗೋಡೆಗೆ ಅಂಟಿಸಿ ಇಟ್ಟುಕೊಳ್ಳಿ. ಪಟ್ಟಿಯನ್ನೇ ಹೋಲಿಸುವುದಕ್ಕಿಂತ ಎಣಿಕೆ ಹೋಲಿಸುವುದು ಬೇಗ.

ಮಕ್ಕಳ ಕೈಯಲ್ಲಿ ಬೇರೆ ಬೇರೆ ತಪ್ಪು ಪಟ್ಟಿ ಹುಟ್ಟುತ್ತವೆ. ನೂರರೊಳಗಿನ ಉತ್ತರ ನೋಡಿದರೇ ರೋಗ ಯಾವುದೆಂದು ಹೇಳಬಹುದು. 6ರ ಬದಲು 31 ಬಂದರೆ ಅವಿಭಾಜ್ಯಗಳನ್ನು ತೆಗೆದಿಲ್ಲ (ನೂರರೊಳಗೆ ಅವು 25, ಅವಿಭಾಜ್ಯಕ್ಕೆ ಅದೇ ಅಪವರ್ತನ, ಹಾಗಾಗಿ ಎರಡು ಮೊತ್ತವೂ ಒಂದೇ ಆಗುವುದು ಸಹಜ). ಬರೀ 4 ಮತ್ತು 27 ಬಂದರೆ ಅಪವರ್ತನಗಳನ್ನೇ ಕೂಡಿದ್ದಾರೆ, ಅವುಗಳ ಅಂಕಿಗಳನ್ನಲ್ಲ. 11 ಎಂದರೆ ಇಲ್ಲಿ 2. ಇನ್ನು 21, 24 ಒಳಗೆ ಬಂದು 22 ಹೊರಗುಳಿದರೆ ಅದು ಪ್ರೋಗ್ರಾಂ ಬರೆಯುವವರ ತಪ್ಪು: ವರ್ಗಮೂಲದವರೆಗೆ ಭಾಗಿಸಿ, ಕೊನೆಗೆ ಉಳಿದ ದೊಡ್ಡ ಅವಿಭಾಜ್ಯವನ್ನು ಕೂಡುವುದು ಮರೆತಿದ್ದಾರೆ. 24ರಲ್ಲಿ 2+2+2 = 6 ಆದಮೇಲೆ ಉಳಿದ 3 ಬಿದ್ದುಹೋಗಿ 2+4ಕ್ಕೆ ಸುಳ್ಳೇ ತಾಳೆಯಾಗುತ್ತದೆ.


ಕಾಳಿ ಸೇತುವೆ, ಕಾರವಾರ:

ಕಾಗದದ ಮೇಲೆ ಮಾಡುವವರಿಗೆ 9ರ ಶೇಷ ಸಾಕು ಮಾರಾಯ್ರೆ, ಬಹಳ ಕೆಲಸ ಉಳಿಯುತ್ತದೆ.

ಯಾವ ಸಂಖ್ಯೆಯೇ ಆಗಲಿ, ಅದನ್ನು 9ರಿಂದ ಭಾಗಿಸಿದರೂ ಅದರ ಅಂಕಮೊತ್ತವನ್ನು 9ರಿಂದ ಭಾಗಿಸಿದರೂ ಶೇಷ ಒಂದೇ. ಹಾಗಾಗಿ ಒಂದು ಸಂಖ್ಯೆ ಸ್ಮಿತ್ ಆಗಬೇಕಾದರೆ, ಅದಕ್ಕೂ ಅದರ ಅವಿಭಾಜ್ಯ ಅಪವರ್ತನಗಳ ಮೊತ್ತಕ್ಕೂ 9ರ ಶೇಷ ಒಂದೇ ಇರಲೇಬೇಕು. ಇದು ತಪ್ಪಿದರೆ ಅಂಕಿ ಕೂಡುವ ಶ್ರಮವೇ ಬೇಡ.

ಎರಡೇ ಅವಿಭಾಜ್ಯಗಳ ಗುಣಲಬ್ಧಕ್ಕೆ ಇದನ್ನು ಹಚ್ಚಿ ನೋಡಿ. ಎರಡನ್ನು ಪ, ಫ ಎನ್ನೋಣ. ಪ×ಫ ಮತ್ತು ಪ+ಫ ಇವೆರಡಕ್ಕೂ ಒಂದೇ ಶೇಷ ಬೇಕು. ಇದನ್ನು ಸ್ವಲ್ಪ ತಿರುಗಿಸಿ ಬರೆದರೆ (ಪ−1)×(ಫ−1) ಎಂಬುದಕ್ಕೆ 9ರ ಶೇಷ 1 ಬರಬೇಕು. ಹಾಗೆ ಬರಬೇಕಾದರೆ ಪ−1, ಫ−1 ಎರಡೂ 3ರಿಂದ ಭಾಗ ಹೋಗಬಾರದು. ಅಂದರೆ 7, 13, 19, 31, 37, 43 ಇಂಥ, 3ರಿಂದ ಭಾಗಿಸಿದರೆ 1 ಉಳಿಯುವ ಅವಿಭಾಜ್ಯಗಳು ಹೊರಗೆ. 3 ಕೂಡ ಹೊರಗೆ: 3ಕ್ಕೆ ಜೋಡಿಯಾಗಬೇಕಾದ್ದು 9ರ ಶೇಷ 6 ಇರುವ ಸಂಖ್ಯೆ, ಅಂಥ ಅವಿಭಾಜ್ಯವೇ ಇಲ್ಲ. ಉಳಿಯುವುದು ಎರಡೇ ದಾರಿ. ಎರಡರ ಶೇಷವೂ 2 ಇರಬೇಕು, ಇಲ್ಲವೇ ಒಂದರದ್ದು 5, ಇನ್ನೊಂದರದ್ದು 8. ಎರಡರಲ್ಲೂ ಗುಣಲಬ್ಧದ ಶೇಷ 4. 22, 58, 85, 94, 121, 166, 202, 265 ಎಲ್ಲವನ್ನೂ 9ರಿಂದ ಭಾಗಿಸಿ ನೋಡಿ, 4 ಉಳಿಯುತ್ತದೆ.

ಈಗ ನಿಮ್ಮ ಪಿನ್ ಕೋಡು. 581401 = 421 × 1381, ಎರಡೂ ಅವಿಭಾಜ್ಯ. ಪಿನ್ನಿನ ಅಂಕಮೊತ್ತ 19. ಅಪವರ್ತನಗಳದ್ದು 4+2+1 = 7, 1+3+8+1 = 13, ಒಟ್ಟು 20. ಒಂದರಿಂದ ತಪ್ಪಿತು! ಆದರೆ ಈ "ಒಂದೇ ಒಂದು" ನೋಡಿ ಮರುಗಬೇಡಿ. 581401ಕ್ಕೆ 9ರ ಶೇಷ 1, 4 ಅಲ್ಲ. ಅದು ಎರಡು ಅವಿಭಾಜ್ಯಗಳ ಗುಣಲಬ್ಧ ಎಂದು ಗೊತ್ತಾದ ಕ್ಷಣವೇ ಕತೆ ಮುಗಿದಿತ್ತು. ನಮ್ಮ ಕಾರವಾರದ್ದು ಇನ್ನೂ ದೂರ: 581301 = 3×3×7×9227, ಇತ್ತ 18, ಅತ್ತ 33. ಕುಮಟಾದವರೂ ಬಂದಿದ್ದಾರಲ್ಲ, 581343 = 3×7×19×31×47, 24ಕ್ಕೆ ಎದುರು 35.

ಪಿನ್ ಕೋಡು ನೋಡುವ ಚಾಳಿಗೂ ಮೂಲದಲ್ಲೇ ಅರ್ಥವಿದೆ. ಲೀಹೈ ವಿಶ್ವವಿದ್ಯಾಲಯದ ಆಲ್ಬರ್ಟ್ ವಿಲಾನ್ಸ್ಕಿ 1982ರಲ್ಲಿ ಈ ಹೆಸರಿಟ್ಟದ್ದು ತಮ್ಮ ಭಾವ ಹೆರಾಲ್ಡ್ ಸ್ಮಿತ್ ಅವರ ಫೋನ್ ನಂಬರ್ ನೋಡಿ: 4937775 = 3×5×5×65837, ಎರಡೂ ಕಡೆ 42. ಆರಂಕಿಯ ಸಂಖ್ಯೆಗಳಲ್ಲಿ ಸುಮಾರು 34ಕ್ಕೆ ಒಂದು ಸ್ಮಿತ್ (29,928ರಲ್ಲಿ 3294 ಕಳೆದು, 9 ಲಕ್ಷವನ್ನು ಅದರಿಂದ ಭಾಗಿಸಿ). ಜಿಲ್ಲೆಯ ಎಲ್ಲ ಅಂಚೆ ಕಚೇರಿಗಳ ಪಿನ್ ಪಟ್ಟಿ ಹಿಡಿದು ಕೂತರೆ ಒಂದೆರಡಾದರೂ ಸಿಗಬಹುದು. ಮಕ್ಕಳಿಗೆ ಬಿಡಿ.

ಗಾಡಿ ನಂಬರಿನಲ್ಲಿ ಮಾತ್ರ ನಾವೇ ಮುಂದೆ. ಕೆಎ 30: 30ನ್ನು ಅದರ ಅಂಕಮೊತ್ತ 3ರಿಂದ ಭಾಗಿಸಬಹುದು, ಅಂದರೆ ಹರ್ಷದ ಸಂಖ್ಯೆ. ದೇವಳಾಲಿಯ ಶಾಲಾ ಮಾಸ್ತರರಾಗಿದ್ದ ಕಾಪ್ರೇಕರ್ ಇಟ್ಟ ಹೆಸರು. ಶಿರಸಿಯ ಕೆಎ 31 ಹರ್ಷದ ಅಲ್ಲ. ಆದರೆ ಸಂಖ್ಯೆಗೆ ಅದರದೇ ಅಂಕಮೊತ್ತ ಕೂಡಿ 31 ಪಡೆಯುವುದು ಸಾಧ್ಯವೇ ಇಲ್ಲ, ಕಾಪ್ರೇಕರರ ಇನ್ನೊಂದು ಪಟ್ಟಿಯ ಸ್ವಯಂಭೂ ಸಂಖ್ಯೆ ಅದು.


ಮಗ್ಗಿಪುಸ್ತಕ, ಶಿರಸಿ:

ಕುಮಟಾದವರೇ, 25 ಕಾಲಂ ಸೇರಿಸಿದೆ, 49 ಬಂತು. ಧನ್ಯವಾದ.

ಕಾರವಾರದವರೇ, ನಿಮ್ಮ ಶೇಷ 2ರ ಮಾತು ಹಿಡಿದು ಮಕ್ಕಳು 2 × ಅವಿಭಾಜ್ಯ ಎಂಬುದನ್ನೇ ನೋಡಿದರು. 9ರ ಶೇಷ 2 ಇರುವ ಅವಿಭಾಜ್ಯಗಳು 2, 11, 29, 47, 83, 101, 137, 173, 191, 227, 263, 281, 317, 353, 389. ಇವುಗಳ ಎರಡರಷ್ಟು 4, 22, 58, 94, 166, 202, 274, 346, 382, 454, 526, 562, 634, 706, 778. ಹದಿನೈದಕ್ಕೆ ಹದಿನೈದೂ ಸ್ಮಿತ್! ಇದು ಯಾವಾಗಲೂ ನಿಜ ಎಂದು ಚಾರ್ಟಿನಲ್ಲಿ ಬರೆಯಬಹುದೇ?


ಕಾಳಿ ಸೇತುವೆ, ಕಾರವಾರ:

ಬರೆಯಬೇಡಿ! ಹದಿನಾರನೆಯದು 443. 2×443 = 886, ಅಂಕಮೊತ್ತ 22. ಅತ್ತ 2+4+4+3 = 13. ಬಿತ್ತು.

ಮಕ್ಕಳಿಗೆ ಇದನ್ನೇ ತೋರಿಸಿ, ಇಡೀ ವಿಷಯದ ಕೀಲಿ ಇಲ್ಲಿದೆ. 9ರ ಶೇಷ ಒಂದೇ ಇರುವುದು ಬೇಕೇ ಬೇಕು, ಆದರೆ ಅದೊಂದೇ ಸಾಲದು. ಶೇಷ ತಾಳೆಯಾದರೆ ಎರಡು ಮೊತ್ತಗಳ ನಡುವಿನ ಅಂತರ 0, 9, 18 ಹೀಗೆ 9ರ ಗುಣಕ ಎಂದಷ್ಟೇ ಗೊತ್ತಾಗುತ್ತದೆ. ಅದು 0 ಆಗುವುದೋ 9 ಆಗುವುದೋ ಎಂದು ತೀರ್ಮಾನಿಸುವುದು ದಶಕ.

ಕೂಡುವಾಗ ಒಂದು ದಶಕ ಕೊಟ್ಟರೆ ಬಿಡಿಯಲ್ಲಿ 10 ಹೋಗಿ ಮುಂದಿನ ಮನೆಯಲ್ಲಿ 1 ಸೇರುತ್ತದೆ, ಅಂಕಮೊತ್ತದಲ್ಲಿ 9 ಕಡಿಮೆ. ಒಂದು ಸಂಖ್ಯೆಯನ್ನು ಇಮ್ಮಡಿ ಮಾಡುವಾಗ ಅದರಲ್ಲಿ 5 ಅಥವಾ ಮೇಲಿನ ಅಂಕಿ ಎಷ್ಟಿವೆಯೋ ಅಷ್ಟೇ ದಶಕ (4+4 = 8, ಹಿಂದಿನಿಂದ ಬಂದ 1 ಸೇರಿದರೂ 9, ಹೊಸ ದಶಕ ಹುಟ್ಟುವುದಿಲ್ಲ). ಆದ್ದರಿಂದ ಖಚಿತ ನಿಯಮ ಹೀಗೆ:

ಅವಿಭಾಜ್ಯದ ಅಂಕಮೊತ್ತ = 2 + 9 × (ಅದರಲ್ಲಿರುವ 5 ಅಥವಾ ಮೇಲ್ಪಟ್ಟ ಅಂಕಿಗಳ ಎಣಿಕೆ) ಆದರೆ ಅದರ ಎರಡರಷ್ಟು ಸ್ಮಿತ್. ಇಲ್ಲವಾದರೆ ಅಲ್ಲ.

29ರಲ್ಲಿ ಅಂಥ ಅಂಕಿ ಒಂದು (9), ಬೇಕಾದ್ದು 11, ಇರುವುದು 11. 389ರಲ್ಲಿ ಎರಡು, ಬೇಕಾದ್ದು 20, ಇರುವುದೂ 20. 443ರಲ್ಲಿ ಒಂದೂ ಇಲ್ಲ, ಬೇಕಾದ್ದು 2, ಇರುವುದು 11. ಇದರ ಆಚೆಗಿನ 461, 479 ಮತ್ತೆ ಸರಿಬರುತ್ತವೆ. ಚಾರ್ಟಿನಲ್ಲಿ ಹದಿನೈದು ಹಸಿರು, ಒಂದು ಕೆಂಪು ಬರೆಯಿಸಿ. ಕೆಂಪಿನ ಮುಂದೆ ಯಾಕೆ ಎಂದು ಬರೆದವರಿಗೆ ವಿಷಯ ಗೊತ್ತಾಗಿದೆ ಅಂತ ಲೆಕ್ಕ.

5ರ ಜೋಡಿಯಲ್ಲಿ ಇಷ್ಟು ದೂರ ಹೋಗುವುದೇ ಬೇಡ. 5×17, 5×53, 5×71 ಸರಿಯಾಗಿ, 5×89 = 445ರಲ್ಲೇ ಬೀಳುತ್ತದೆ: 13ಕ್ಕೆ ಎದುರು 22.

ಮತ್ತೆ ಪಿನ್ ಕೋಡಿಗೆ ಬಂದರೆ, ಎಲ್ಲಕ್ಕಿಂತ ಚೆನ್ನಾಗಿರುವುದು ಅಂಕೋಲೆಯದು. 581314 = 2 × 290657. 9ರ ಶೇಷ 4, ಅವಿಭಾಜ್ಯದ ಶೇಷ 2. ಜರಡಿಯಲ್ಲಿ ಪಾಸು. ಆದರೆ 290657ರಲ್ಲಿ 9, 6, 5, 7 ಎಂದು ನಾಲ್ಕು ದೊಡ್ಡ ಅಂಕಿ. ಬೇಕಾದ್ದು 38, ಇರುವುದು 29. ಪಿನ್ನಿನ ಅಂಕಮೊತ್ತ 22, ಅತ್ತ 31. ಸರಿಯಾಗಿ 9ರಿಂದ, ಅಂದರೆ ಒಂದು ದಶಕದಿಂದ ತಪ್ಪಿದೆ. ಶಿರಸಿ 1ರಿಂದ ತಪ್ಪಿದ್ದು ಬರೀ ಕಾಕತಾಳೀಯ, ಅಂಕೋಲೆ 9ರಿಂದ ತಪ್ಪಿದ್ದು ನಿಜವಾಗಿ "ಹತ್ತಿರ".


ಮಾಗೋಡು, ಯಲ್ಲಾಪುರ:

ಆ ನಾಲ್ಕು ಕಂಪ್ಯೂಟರಿನಲ್ಲಿ ಪೈಥಾನ್ ಇದ್ದರೆ ಹತ್ತು ಲಕ್ಷದವರೆಗೂ ಹೋಗಬಹುದು. ಪ್ರತಿ ಸಂಖ್ಯೆಯನ್ನೂ ಬೇರೆ ಬೇರೆಯಾಗಿ ಅಪವರ್ತಿಸಲು ಹೊರಟರೆ ಸುಮ್ಮನೆ ಕಾಯಬೇಕು. ಮೂರು ಪಟ್ಟಿ ಇಟ್ಟುಕೊಳ್ಳಿ, ಪ್ರತಿಯೊಂದಕ್ಕೂ ಹತ್ತು ಲಕ್ಷದ ಒಂದು ಮನೆ (0ರಿಂದ 10,00,000).

ಮೊದಲ ಪಟ್ಟಿ ಅತಿ ಚಿಕ್ಕ ಅವಿಭಾಜ್ಯ ಅಪವರ್ತನ. ಎಲ್ಲ ಮನೆಯಲ್ಲೂ ಆಯಾ ಸಂಖ್ಯೆಯನ್ನೇ ಬರೆದು ಶುರು ಮಾಡಿ. 2ರಿಂದ 1000ದ ತನಕ ನಡೆಯುತ್ತ, ತನ್ನ ಮನೆಯಲ್ಲಿ ತಾನೇ ಇರುವ ಸಂಖ್ಯೆ (ಅವಿಭಾಜ್ಯ) ಸಿಕ್ಕಿದಾಗ, ಅದರ ವರ್ಗದಿಂದ ಹಿಡಿದು ಅದರ ಗುಣಕಗಳ ಮನೆಗೆ ಹೋಗಿ, ಇನ್ನೂ ಬದಲಾಗದ ಮನೆಯಲ್ಲಿ ಮಾತ್ರ ಇದನ್ನು ಬರೆಯಿರಿ. "ಬದಲಾಗದ" ಎಂಬುದನ್ನು ಬಿಟ್ಟರೆ ಚಿಕ್ಕದರ ಮೇಲೆ ದೊಡ್ಡದು ಬರೆದುಹೋಗುತ್ತದೆ.

ಎರಡನೆಯದು ಅಂಕಮೊತ್ತ: ಬಿಡಿ ಅಂಕಿ + ಬಿಡಿಯನ್ನು ಕಿತ್ತ ಸಂಖ್ಯೆಯ ಅಂಕಮೊತ್ತ. 581ಕ್ಕೆ 1 + (58ರ ಬೆಲೆ). 58ರದ್ದು ಆಗಲೇ ಬರೆದಿಟ್ಟಿದೆ, ಹಾಗಾಗಿ ಒಂದೇ ಕೂಡಿಕೆ.

ಮೂರನೆಯದು ಅಪವರ್ತನಗಳ ಅಂಕಮೊತ್ತ: ಚಿಕ್ಕ ಅಪವರ್ತನದ ಅಂಕಮೊತ್ತ + ಅದರಿಂದ ಭಾಗಿಸಿದ ಭಾಗಲಬ್ಧಕ್ಕೆ ಇದೇ ಪಟ್ಟಿಯಲ್ಲಿರುವ ಬೆಲೆ. 1ರ ಮನೆಯಲ್ಲಿ 0 ಇಡಲೇಬೇಕು, ಇಲ್ಲದಿದ್ದರೆ ಎಲ್ಲ ಉತ್ತರವೂ ಒಂದೇ ಅಳತೆಯಲ್ಲಿ ಹೆಚ್ಚಾಗುತ್ತದೆ. ಹೀಗೆ ಮಾಡಿದರೆ ಮರುಕಳಿಸುವ ಅಪವರ್ತನ ತಾನಾಗಿಯೇ ಸೇರುತ್ತದೆ, ಉಳಿದ ದೊಡ್ಡ ಅವಿಭಾಜ್ಯ ಬಿದ್ದುಹೋಗುವ ಪ್ರಶ್ನೆಯೂ ಇಲ್ಲ.

ಕೊನೆಗೆ ಚಿಕ್ಕ ಅಪವರ್ತನ ತಾನೇ ಅಲ್ಲದ (ಸಂಯುಕ್ತ) ಮನೆಗಳಲ್ಲಿ ಎರಡನೆಯದು ಮೂರನೆಯದು ಸಮವಿದ್ದರೆ ಎಣಿಸಿ. 29,928 ಬರಬೇಕು. ಭಾಗಾಕಾರಕ್ಕೆ ಎರಡು ಓರೆಗೆರೆ ಹಾಕಿ. ಒಂದೇ ಹಾಕಿದರೆ ಪೈಥಾನ್ ದಶಮಾಂಶ ಕೊಡುತ್ತದೆ, ದಶಮಾಂಶದಿಂದ ಪಟ್ಟಿಯ ಮನೆ ತೆರೆಯುವುದಿಲ್ಲ.

ಇದೇ ಪಟ್ಟಿಯಿಂದ ಪಕ್ಕ ಪಕ್ಕದ ಸ್ಮಿತ್ ಸಂಖ್ಯೆಗಳನ್ನೂ ಹೆಕ್ಕಿಸಿ, ಸ್ಮಿತ್ ಸೋದರರು ಎನ್ನುತ್ತಾರೆ. ಮೊದಲ ಜೋಡಿ 728, 729. ಎರಡನೆಯದು 2964, 2965. ಚಾರ್ಟಿಗೆ 728 = 2×2×2×7×13 (17, 17) ಮತ್ತು 729 = 3ರ ಆರನೇ ಘಾತ (18, 18) ಚೆನ್ನಾಗಿ ಕಾಣುತ್ತದೆ.


ಶರಾವತಿ ಕಡವು, ಹೊನ್ನಾವರ:

ಕಟ್ಟುವ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲವಲ್ಲ. ಕಟ್ಟಲು ಬರುತ್ತದೆ, ಎಂಟನೇ ತರಗತಿಯ ಗುಣಾಕಾರ ಸಾಕು.

ಎರಡು ವಿಷಯ ಗಮನಿಸಿ. ಒಂದು, 10ರಿಂದ ಗುಣಿಸಿದರೆ ಸಂಖ್ಯೆಯ ಅಂಕಮೊತ್ತ ಬದಲಾಗುವುದಿಲ್ಲ, ಅಪವರ್ತನದ ಕಡೆ 2+5 = 7 ಹೆಚ್ಚುತ್ತದೆ. ಎರಡು, 9, 99, 999 ಇಂಥ ಸಂಖ್ಯೆಯನ್ನು ಅದಕ್ಕಿಂತ ದೊಡ್ಡದಲ್ಲದ ಯಾವ ಸಂಖ್ಯೆಯಿಂದ ಗುಣಿಸಿದರೂ ಅಂಕಮೊತ್ತ ಬದಲಾಗುವುದಿಲ್ಲ: 999×15 = 14985, ಮೊತ್ತ 27, 999ರದ್ದೂ 27. (15ರಲ್ಲಿ ಒಂದು ಕಳೆದು 14, ಮುಂದಿನ ಮೂರು ಅಂಕಿ 999−14 = 985. 014ಕ್ಕೆ 985 ಪೂರಕ, ಸೇರಿ ಮೂರು ಒಂಬತ್ತು.)

ಹಾಗಾಗಿ ಒಂಬತ್ತುಗಳ ಸಾಲಿನಲ್ಲಿ ಅಂಕಮೊತ್ತ ಗಟ್ಟಿ ನಿಂತಿರುತ್ತದೆ, ಅಪವರ್ತನದ ಕಡೆಯ ಕೊರತೆಯನ್ನು ತುಂಬುತ್ತ ಹೋಗುವುದಷ್ಟೇ ಕೆಲಸ. ಮೊದಲು ಕೊರತೆ ಎಷ್ಟೆಂದು ನೋಡಿ. ಅದನ್ನು 7ರಿಂದ ಭಾಗಿಸಿ ಶೇಷ ತೆಗೆಯಿರಿ. ಶೇಷ 0 ಆದರೆ ಬರೀ ಸೊನ್ನೆಗಳು ಸಾಕು. ಶೇಷ 2, 3, 4, 5 ಬಂದರೆ ಅದೇ ಸಂಖ್ಯೆಯಿಂದ ಗುಣಿಸಿ. 6ಕ್ಕೆ 8ರಿಂದ (2+2+2 = 6). 1ಕ್ಕೆ 15ರಿಂದ (3+5 = 8, ಅಂದರೆ 7+1). ಉಳಿದ ಕೊರತೆಯಲ್ಲಿ ಎಷ್ಟು 7 ಇವೆಯೋ ಅಷ್ಟು ಸೊನ್ನೆ ಕೊನೆಗೆ ಅಂಟಿಸಿ.

99 = 3×3×11. ಇತ್ತ 18, ಅತ್ತ 8, ಕೊರತೆ 10. 7ರ ಶೇಷ 3, ಮೂರರಿಂದ ಗುಣಿಸಿ 297. ಇನ್ನು 7 ಬಾಕಿ, ಒಂದು ಸೊನ್ನೆ: 2970. ತಾಳೆ ನೋಡಿ, 2970 = 2×3×3×3×5×11, ಎರಡೂ ಕಡೆ 18.

999 = 3×3×3×37. 27ಕ್ಕೆ ಎದುರು 19, ಕೊರತೆ 8. 15ರಿಂದ ಗುಣಿಸಿದರೆ ಅಲ್ಲಿಗೇ ಮುಗಿಯಿತು: 14985.

9999 = 3×3×11×101. 36ಕ್ಕೆ 10, ಕೊರತೆ 26, ಶೇಷ 5. ಐದರಿಂದ ಗುಣಿಸಿ 49995, ಬಾಕಿ 21, ಮೂರು ಸೊನ್ನೆ: 49995000.

99999 = 3×3×41×271 ಮಕ್ಕಳಿಗೆ ಬಿಟ್ಟಿದ್ದೇನೆ.

ಸ್ಮಿತ್ ಸಂಖ್ಯೆಗಳು ಅನಂತ ಎಂದು 1987ರಲ್ಲಿ ಮ್ಯಾಕ್‌ಡೇನಿಯಲ್ ಸಾಧಿಸಿದ್ದು ಇದೇ ಜಾಡಿನಲ್ಲಿ. ತಪ್ಪಾಗುವುದು ಸಾಮಾನ್ಯವಾಗಿ ಎರಡು ಕಡೆ. ಶೇಷ 1 ಎಂದು 1ರಿಂದ ಗುಣಿಸಿಬಿಡುತ್ತಾರೆ, ಅದರಿಂದ ಏನೂ ಸೇರುವುದಿಲ್ಲ. ಇನ್ನೊಂದು, ಒಂಬತ್ತುಗಳ ಸಾಲನ್ನು ಪೂರ್ತಿ ಅಪವರ್ತಿಸದೆ 1111 ಅವಿಭಾಜ್ಯ ಎಂದು ನಂಬಿ ಮುಂದೆ ಹೋಗುತ್ತಾರೆ. 1111 = 11×101.

ಇದಲ್ಲದೆ ಬರೀ 1ಗಳ ಅವಿಭಾಜ್ಯ ಸಿಕ್ಕಿದರೆ ಅದನ್ನು 3304ರಿಂದ ಗುಣಿಸಿ, ಸೀದಾ ಸ್ಮಿತ್ ಸಂಖ್ಯೆ.


ಮಾಗೋಡು, ಯಲ್ಲಾಪುರ:

ಹೊನ್ನಾವರದವರೇ, 3304ರ ಮಾತಿಗೆ ಒಂದು ತಿದ್ದುಪಡಿ. 11 ಕೂಡ ಬರೀ 1ಗಳ ಅವಿಭಾಜ್ಯವೇ. 3304×11 = 36344, ಅಂಕಮೊತ್ತ 20. ಅತ್ತ 3304 = 2×2×2×7×59, ಅದರದ್ದೇ 27, 11ರ 2 ಸೇರಿ 29. ಸರಿಬರುವುದಿಲ್ಲ. 1ಗಳು ನಾಲ್ಕಾದರೂ ಇದ್ದಾಗ ಮಾತ್ರ ಗುಣಲಬ್ಧ 367, ಆಮೇಲೆ ಒಂದಷ್ಟು 1, ಕೊನೆಗೆ 0744 ಎಂಬ ಆಕಾರಕ್ಕೆ ಬಂದು ಅಂಕಮೊತ್ತ "27 + 1ಗಳ ಎಣಿಕೆ" ಆಗುತ್ತದೆ. 11 ಬಿಟ್ಟರೆ ಮುಂದಿನ ಅಂಥ ಅವಿಭಾಜ್ಯದಲ್ಲಿ 19 ಒಂದುಗಳು, ಅದರ ನಂತರ 23, 317, 1031. ಹತ್ತೊಂಬತ್ತರದ್ದು 3671111111111111110744, ಎರಡೂ ಕಡೆ 46.

ಇದನ್ನು ಎಕ್ಸೆಲ್‌ನಲ್ಲಿ ತಾಳೆ ನೋಡಲು ಹೋಗಬೇಡಿ. ಎಕ್ಸೆಲ್ 15 ಅಂಕಿಗಳ ಆಚೆ ಸೊನ್ನೆ ತುಂಬುತ್ತದೆ, ಇದು 22 ಅಂಕಿಯದ್ದು. ಪೈಥಾನ್‌ನಲ್ಲಿ ಆ ತೊಂದರೆ ಇಲ್ಲ.


ಶರಾವತಿ ಕಡವು, ಹೊನ್ನಾವರ:

ಅಡ್ಡಿಲ್ಲ, ಸರಿಯಾಗಿಯೇ ಹಿಡಿದಿರಿ. 11 ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.


ಮಗ್ಗಿಪುಸ್ತಕ, ಶಿರಸಿ:

99999ಕ್ಕೆ ಮಕ್ಕಳ ಉತ್ತರ: 45ಕ್ಕೆ 21, ಕೊರತೆ 24, ಶೇಷ 3; 299997, ಬಾಕಿ 21; 299997000. ಒಬ್ಬಳು ಅದರ ಮುಂದೆ 9ಕ್ಕೂ ಇದೇ ಕ್ರಮ ಹಚ್ಚಿ (9ಕ್ಕೆ 6, ಕೊರತೆ 3, ಮೂರರಿಂದ ಗುಣಿಸಿ) 27 ತೆಗೆದಿದ್ದಾಳೆ.

ಶೀಟನ್ನು 10,000ಕ್ಕೆ ಹಿಗ್ಗಿಸುವುದಿದೆ. ಅದಕ್ಕೆ 5000ದೊಳಗಿನ 669 ಅವಿಭಾಜ್ಯಗಳಿಗೂ ಕಾಲಂ ಹಾಕಬೇಕೇ? ಶಾಲೆಯ ಕಂಪ್ಯೂಟರ್ ಅಷ್ಟಕ್ಕೆ ಕೂತುಬಿಡುತ್ತದೆ.


ಅಘನಾಶಿನಿ, ಕುಮಟಾ:

ಬೇಡ. ನೂರರೊಳಗಿನ 25 ಅವಿಭಾಜ್ಯಗಳು, 10,000ದೊಳಗೆ ಬರುವ ಅವುಗಳ ಘಾತಗಳು 51, ಒಟ್ಟು 76 ಕಾಲಂ. ಭಾಗ ಹೋದ ಪ್ರತಿ ಕಾಲಂಗೂ ಆಯಾ ಅವಿಭಾಜ್ಯವನ್ನು (ಘಾತವನ್ನಲ್ಲ, 8ರ ಕಾಲಂಗೂ 2) ಗುಣಿಸುತ್ತ ಹೋಗುವ ಇನ್ನೊಂದು ಕೋಷ್ಟಕ ಪಕ್ಕದ ಶೀಟಿನಲ್ಲಿ ಇಡಿ, ಭಾಗ ಹೋಗದಿದ್ದರೆ 1. ಮೂಲ ಸಂಖ್ಯೆಯನ್ನು ಆ ಗುಣಲಬ್ಧದಿಂದ ಭಾಗಿಸಿ. ಬರುವುದು 1, ಇಲ್ಲವೇ 101 ಅಥವಾ ಮೇಲಿನ ಒಂದೇ ಒಂದು ಅವಿಭಾಜ್ಯ. ಎರಡು ಇರಲಾರವು, 101×101 = 10201. ಅದು 1 ಅಲ್ಲದಿದ್ದರೆ ಅದರ ಅಂಕಮೊತ್ತವನ್ನೂ ಕೂಡಿ. 1 ಆದಾಗಲೂ ಕೂಡಿಬಿಟ್ಟರೆ 4, 27 ಮತ್ತೆ ಮಾಯವಾಗುತ್ತವೆ, ಆ ಷರತ್ತು ಮರೆಯಬೇಡಿ.

ಅವಿಭಾಜ್ಯಗಳನ್ನು ತೆಗೆಯಲು ಪಟ್ಟಿ ಹುಡುಕಬೇಕಿಲ್ಲ. ಉಳಿದದ್ದು ಮೂಲ ಸಂಖ್ಯೆಯೇ ಆಗಿದ್ದರೆ, ಅಥವಾ ಗುಣಲಬ್ಧ ಮೂಲ ಸಂಖ್ಯೆಯೇ ಆಗಿ ಒಂದೇ ಕಾಲಂ ಹೊಡೆದಿದ್ದರೆ ಅದು ಅವಿಭಾಜ್ಯ. ತೆಗೆಯದಿದ್ದರೆ 376ರ ಬದಲು 1605 ಬರುತ್ತದೆ.


ಮಗ್ಗಿಪುಸ್ತಕ, ಶಿರಸಿ:

ಮೊದಲ ಸಲ 1605 ಬಂತು, ಷರತ್ತು ಹಾಕಿದ ಮೇಲೆ 376. ಚಾರ್ಟಿನ ನಡುವೆ ಹದಿನೈದು ಹಸಿರು ಮತ್ತು ಕೆಂಪು 886, ಬಲಕ್ಕೆ ಪಿನ್ ಕೋಡುಗಳು. ಅಂಕೋಲೆಯದರ ಮುಂದೆ "ಒಂದು ದಶಕದಿಂದ ತಪ್ಪಿದ್ದು" ಎಂದು ಬರೆಸಿದ್ದೇವೆ. ಶಿರಸಿಯದರ ಮುಂದೆ ಏನೂ ಬರೆದಿಲ್ಲ.